ಕೈ, ಬಾಯಿ, ಕಚ್ಚೆ

ಮನುಷ್ಯನ ಗುಣ ಹೇಳಬೇಕಾದಾಗ ಎಲ್ಲ ಭಾಷೆಗಳೂ ದೇಹದ ಅಂಗಗಳನ್ನೇ ಸಾಕ್ಷಿಗೆ ಕರೆಯುತ್ತವೆ. ಇಂಗ್ಲಿಷಿನಲ್ಲಿ ಒಳ್ಳೆಯವನದು ಚಿನ್ನದ ಹೃದಯ. ಹೇಡಿಗೆ ಬೆನ್ನುಮೂಳೆಯೇ ಇಲ್ಲ. ದೂರದ ಉಜ್ಬೆಕ್ ಭಾಷೆಯಲ್ಲಿ ಸಜ್ಜನ 'ಬಿಳಿ ಮನಸ್ಸಿನವನು', ಕೇಡು ಬಗೆಯುವವನು 'ಒಳಗೆ ಕಪ್ಪಾದವನು', ಕಳ್ಳ 'ಡೊಂಕು ಕೈಯವನು'. ಇಂಗ್ಲಿಷಿನ ಅಸೂಯೆ ಕಣ್ಣಿನಲ್ಲಿ ಹಸಿರಾಗಿ ತೋರಿದರೆ, ನಮ್ಮದು ಹೊಟ್ಟೆಯಲ್ಲಿ ಕಿಚ್ಚಾಗಿ ಉರಿಯುತ್ತದೆ. ಆ ಕಿಚ್ಚು ಮೊದಲು ಸುಡುವುದು ಅದನ್ನು ಇಟ್ಟುಕೊಂಡವನನ್ನೇ ಎಂಬ ತಿಳಿವಳಿಕೆ ಆ ಒಂದು ಪದದಲ್ಲೇ ಇದೆ.

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಾರನಹಳ್ಳಿ ಕಡೆ ಹೆಣ್ಣು ಕೊಡುವವರು ಬಂದು ಹುಡುಗ ಹೆಂಗೆ ಎಂದು ವಿಚಾರಿಸಿದರೆ, ಹಿರಿಯರು 'ಕೈ, ಬಾಯಿ, ಕಚ್ಚೆ ಮೂರೂ ಭದ್ರ ಕಣಪ್ಪ' ಎನ್ನುತ್ತಾರೆ. ಪರರ ದುಡ್ಡಿಗೆ ಕೈ ಹಾಕುವವನಲ್ಲ, ಬಾಯಿಗೆ ಬಂದದ್ದು ಆಡುವವನಲ್ಲ, ಪರಸ್ತ್ರೀಯರ ಸಹವಾಸಕ್ಕೆ ಹೋದವನಲ್ಲ. ಮೂರನ್ನೂ ನೆರೆಮನೆಯವರು ಕಣ್ಣಾರೆ ಕಂಡು ಹೇಳಬಹುದು. 'ಒರಟ, ಆದರೆ ಹೃದಯ ಚಿನ್ನ' ಎಂದು ನುಣುಚಿಕೊಳ್ಳಲು ಇಲ್ಲಿ ದಾರಿಯಿಲ್ಲ. ನಡತೆಯನ್ನು ನಡೆಯಲ್ಲೇ ನೋಡುವ ಈ ಮಾತು ಚಿನ್ನದ ಹೃದಯಕ್ಕಿಂತ ಪ್ರಾಮಾಣಿಕ ಎಂದು ನನಗನ್ನಿಸುತ್ತದೆ.

ಆದರೆ ಕಚ್ಚೆ ಗಂಡಸಿನದು. ಹೆಂಗಸಿನ ಮಾತು ಬಂದರೆ ಮೂರು ಪರೀಕ್ಷೆಯ ತಾಳ್ಮೆ ನಮಗಿಲ್ಲ. ಗಟ್ಟಿಯಾಗಿ ನ್ಯಾಯ ಕೇಳಿದವಳು 'ಬಜಾರಿ' ಆಗಿಬಿಡುತ್ತಾಳೆ. ಬಜಾರು ಎಂದರೆ ಸಂತೆ ಬೀದಿ. ದಿನವೂ ಸಂತೆಗೆ ಹೋಗುವ ಗಂಡಸಿಗೆ ಅಂಥ ಹೆಸರೊಂದು ಹುಟ್ಟಲೇ ಇಲ್ಲ. ಹೊಗೆಸೊಪ್ಪಿನ ಹೊಲದಲ್ಲಿ ದಿನವಿಡೀ ದುಡಿದವಳು ಕೂಲಿ ಬಾಕಿ ಕೇಳಿದರೂ ಅದೇ ಬಿರುದು.

ಇನ್ನೊಂದು ಗಾದೆ, 'ಹುಟ್ಟುಗುಣ ಸುಟ್ಟರೂ ಹೋಗದು'. ಚಿರತೆ ತನ್ನ ಚುಕ್ಕೆ ಬದಲಿಸೀತೇ ಎಂಬ ಇಂಗ್ಲಿಷ್ ಮಾತು ಇದರ ಜೋಡಿ. ಅದು ಬೈಬಲಿನ ಯೆರೆಮೀಯನ ಗ್ರಂಥದಿಂದ ಬಂದದ್ದು. ಅಲ್ಲಿ ಪ್ರವಾದಿ ತನ್ನ ಜನರನ್ನೇ ಗದರಿಸುತ್ತಾನೆ, ತಿದ್ದಿಕೊಳ್ಳಿರೆಂದೂ ಕರೆಯುತ್ತಾನೆ. ನಮ್ಮ ಜಗಲಿಯಲ್ಲಿ ಈ ಗಾದೆ ಬರುವುದು ಹೆಚ್ಚಾಗಿ ಇನ್ನೊಬ್ಬರ ಕೇರಿಯ ಕಡೆ ಕೈ ತೋರಿಸುವಾಗ. ಕಿಟ್ಟೆಲ್ಲರ 1894ರ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳೂ ಸಿಗುತ್ತವೆ. ಆದರೆ ಯಾವ ಗಾದೆಯನ್ನು ಯಾರು, ಯಾರ ಮೇಲೆ ಎಸೆದರು ಎಂಬುದನ್ನು ನಿಘಂಟು ಹೇಳಲಾರದು. ಅದನ್ನು ಊರಿನಲ್ಲೇ ಕೇಳಬೇಕು.

ಕೈ, ಬಾಯಿ, ಕಚ್ಚೆಯನ್ನು ಭದ್ರವಾಗಿ ಇಟ್ಟುಕೊಳ್ಳಬಹುದು ಎನ್ನುವ ಊರೇ ಗುಣ ಹುಟ್ಟಿನಿಂದಲೇ ನಿಂತುಹೋಗಿದೆ ಎಂದೂ ಹೇಳುತ್ತದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರು, ಈ ಎರಡರಲ್ಲಿ ಯಾವುದನ್ನು ಮಕ್ಕಳಿಗೆ ಕಲಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು.