ಮುಂಬೈಯ ತೇವದಲ್ಲಿ ಪೂಲ್ ಕ್ಯೂ: ಮರ ಮತ್ತು ಜಾಯಿಂಟ್‌ಗಳ ಆಯ್ಕೆ

ಮುಂಬೈಯ ಪೂಲ್ ಕ್ಯೂ ಮಳೆಗಾಲದಲ್ಲಿ ಒಂದೇ ದಿನಕ್ಕೆ ಎರಡು ಹವೆಗಳನ್ನು ಕಾಣುತ್ತದೆ. ಜುಲೈಯಲ್ಲಿ ಹೊರಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ರ ಆಸುಪಾಸಿನಲ್ಲಿದ್ದರೆ, ಅಂಧೇರಿ, ಬಾಂದ್ರಾ, ಮುಲುಂಡ್‌ಗಳ ಏಸಿ ಪೂಲ್ ಪಾರ್ಲರ್‌ಗಳ ಒಳಗೆ ಅದು ಬಹಳ ಕೆಳಗೆ ಇಳಿದಿರುತ್ತದೆ. ಮರ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಮತ್ತೆ ಬಿಟ್ಟುಕೊಡುತ್ತದೆ. ಶೇ. 85ರ ಆರ್ದ್ರತೆಯಲ್ಲಿ ಬಹುಕಾಲ ಇಟ್ಟ ಮರದ ತೇವಾಂಶ ಶೇ. 17ರ ಹತ್ತಿರ ನಿಲ್ಲುತ್ತದೆ, ಶೇ. 50ರ ಆರ್ದ್ರತೆಯಲ್ಲಿ ಅದು ಸುಮಾರು 9. ಕ್ಯೂಗೆ ಬಳಸುವ ಮೇಪಲ್ ಮರವನ್ನು ಸಾಮಾನ್ಯವಾಗಿ ಶೇ. 6ರಿಂದ 8ಕ್ಕೆ ಒಣಗಿಸಿರುತ್ತಾರೆ. ಆದ್ದರಿಂದ ಈ ನಗರದಲ್ಲಿ ಕ್ಯೂ ಬೆಲೆ ಕಟ್ಟುವಾಗ ಮೊದಲು ಕೇಳಬೇಕಾದದ್ದು ಅದರ ಪ್ರತಿ ಭಾಗ ತೇವಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು. ಕೆತ್ತನೆ, ಕಂಪನಿಯ ಹೆಸರು, ‘ಗಟ್ಟಿ ಹೊಡೆತ’ದ ಖ್ಯಾತಿ ಎಲ್ಲವೂ ಆಮೇಲೆ.

ಕ್ಯೂನ ಮುಂದಿನ ತೆಳು ಭಾಗವಾದ ಶಾಫ್ಟ್‌ಗೆ ಮೇಪಲ್ ಸರಿಯಾದ ಆಯ್ಕೆಯೇ. ಅದರ ರಂಧ್ರಗಳು ಸೂಕ್ಷ್ಮ, ಮೈ ನುಣುಪು. ಬೆರಳ ನಡುವೆ ತಡೆಯಿಲ್ಲದೆ ಜಾರುತ್ತದೆ. ಘನ ಮೀಟರಿಗೆ ಸುಮಾರು 700 ಕೆ.ಜಿ. ತೂಗುವ ಈ ಮರ 57 ಮಿ.ಮೀ. ವ್ಯಾಸದ ಪೂಲ್ ಚೆಂಡಿನ ಭಾರಕ್ಕೆ ಅಳುಕುವುದಿಲ್ಲ. ಆದರೆ ಹಸಿ ಸ್ಥಿತಿಯಿಂದ ಪೂರ್ತಿ ಒಣಗುವ ತನಕ ಮೇಪಲ್ ವಾರ್ಷಿಕ ಬಳೆಗಳ ದಿಕ್ಕಿನಲ್ಲಿ ಶೇ. 10ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಅದರ ಅರ್ಧದಷ್ಟು ಕುಗ್ಗುತ್ತದೆ. ತೇವ ಮರಳಿ ಸೇರಿದಾಗ ಉಬ್ಬುವುದೂ ಇದೇ ಅನುಪಾತದಲ್ಲಿ. ಹಾಗಾಗಿ ದುಂಡಗೆ ಕಡೆದ ಶಾಫ್ಟ್ ಮಳೆಗಾಲದ ಕೊನೆಗೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಡೊಂಕು ಬೀಳುವುದಕ್ಕೆ ಮುಖ್ಯ ಕಾರಣ ಬೇರೆ: ನಾರಿನ ಎಳೆಗಳು ಕೋಲಿನ ಅಕ್ಷಕ್ಕೆ ಸಮಾಂತರವಾಗಿರದೆ ಓರೆಯಾಗಿ ಹೊರಬಿದ್ದಿದ್ದರೆ ಒಂದು ಪಕ್ಕ ಇನ್ನೊಂದಕ್ಕಿಂತ ಹೆಚ್ಚು ಉದ್ದವಾಗುತ್ತದೆ. ಅಂಗುಲಕ್ಕೆ ಎಷ್ಟು ಬಳೆಗಳಿವೆ ಎಂದು ಎಣಿಸುವುದರ ಬದಲು, ಒಂದು ಎಳೆ ಚೆಂಡನ್ನು ಮುಟ್ಟುವ ಟಿಪ್‌ನಿಂದ ಶಾಫ್ಟ್ ಹಿಂಭಾಗಕ್ಕೆ ಸೇರುವ ಜಾಯಿಂಟ್‌ವರೆಗೂ ನೇರವಾಗಿ ಸಾಗಿದೆಯೇ ಎಂದು ಕಣ್ಣಿಟ್ಟು ನೋಡುವವರು ಒಳ್ಳೆಯ ಶಾಫ್ಟ್ ಆರಿಸುತ್ತಾರೆ.

ಸ್ನೂಕರ್ ಮತ್ತು ಬಿಲಿಯರ್ಡ್ಸ್ ಕ್ಯೂಗಳಲ್ಲಿ ಆಶ್ ಮರದ ಬಳಕೆ ಹೆಚ್ಚು. 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್, ಅವರ ನಂತರ ಮೂರು ಬಾರಿ ಆ ಪ್ರಶಸ್ತಿ ಗಳಿಸಿದ ಮೈಕೆಲ್ ಫೆರೇರಾ ಇವರಿಂದ ಹೆಸರಾದ ಈ ನಗರದಲ್ಲಿ ಆ ಮರ ಅಪರಿಚಿತವಲ್ಲ. ಆಶ್ ಮೇಪಲ್‌ಗಿಂತ ಕಡಿಮೆ ಕುಗ್ಗುತ್ತದೆ, ಆಘಾತವನ್ನು ಚೆನ್ನಾಗಿ ತಾಳುತ್ತದೆ. ತೆರೆದ ರಂಧ್ರಗಳೇ ಅದರ ಕೊರತೆ: ಬೆವರು, ಚಾಕ್‌ಪುಡಿ, ಪೌಡರ್ ಎಲ್ಲವೂ ಅಲ್ಲಿ ಕುಳಿತು ಮೈ ಒರಟಾಗುತ್ತದೆ. ಬೆರಳ ಉಂಗುರದೊಳಗೆ ಶಾಫ್ಟ್ ಓಡಿಸುವ ಪೂಲ್ ಆಟಗಾರರಿಗೆ ಇದು ದೊಡ್ಡ ತೊಡಕು.

ಕೈ ಹಿಡಿಯುವ ಹಿಂಭಾಗವಾದ ಬಟ್‌ಗೆ ಬಂದರೆ ಪಶ್ಚಿಮ ಘಟ್ಟದ ಬೀಟೆಗೆ ಸಮನಾದ ಮರ ಸಿಗುವುದು ಕಷ್ಟ. ಅದು ಭಾರವಾಗಿದೆ, ಎಣ್ಣೆಯಂಶ ಹೊಂದಿದೆ, ಬಳೆಗಳ ದಿಕ್ಕಿನಲ್ಲಿ ಮೇಪಲ್‌ಗಿಂತ ಬಹಳ ಕಡಿಮೆ ಅಲುಗಾಡುತ್ತದೆ. ಎಬೊನಿ ಹೆಚ್ಚು ಶ್ರೀಮಂತವಾಗಿ ಕಾಣುತ್ತದೆ, ಆದರೆ ಬೇಗ ಬೇಗ ಒಣಗಿ ನೆನೆಯುವ ಹವೆಯಲ್ಲಿ ಬಿರುಕು ಬಿಡುವ ಮರ ಅದು; ಏಸಿ ಕೋಣೆಗೂ ಬೀದಿಗೂ ದಿನವೂ ಓಡಾಡುವ ಕ್ಯೂಗೆ ಅದನ್ನು ಬಳಸುವುದು ದುಡ್ಡು ಕೊಟ್ಟು ಅಪಾಯ ತಂದಂತೆ. ಬೀಟೆಯ ಕುಲದ ಬಹುತೇಕ ಮರಗಳು 2017ರಿಂದ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಆದ್ದರಿಂದ ಮರದ ಮೂಲದ ಕಾಗದಪತ್ರ ಕೇಳುವುದು ಕೊಳ್ಳುವವರ ಹೊಣೆಯೂ ಹೌದು. ತೇಗವನ್ನು ಯಾರೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಆಘಾತ ತಾಳುವ ಗುಣ ಕಡಿಮೆಯಿರುವುದರಿಂದ ಶಾಫ್ಟ್‌ಗೆ ಅದು ಒಗ್ಗದು. ಬಟ್‌ಗೆ ಮಾತ್ರ ಬೀಟೆಯ ಜೊತೆ ಪರಿಗಣಿಸಬಹುದಾದ, ಸ್ಥಿರವಾದ, ಮುಂಬೈಯ ಬಡಗಿಗಳ ಕೈಗೆ ಪಳಗಿದ ಮರ ಅದು.

ಹೆಚ್ಚು ವಾದ ನಡೆಯುವುದು ಜಾಯಿಂಟ್ ಬಗ್ಗೆ, ಹೆಚ್ಚು ತಪ್ಪು ತಿಳಿವಳಿಕೆಯೂ ಅಲ್ಲಿಯೇ. ಸ್ಟೇನ್‌ಲೆಸ್ ಸ್ಟೀಲ್ ಕೊರಳಪಟ್ಟಿ, ಅದರೊಳಗೆ ಶಾಫ್ಟ್‌ನ ಮೂತಿ ಕೂರುವ ಗುಳಿ, 5/16 ಅಂಗುಲದ ತಿರುಪು: ನ್ಯೂಯಾರ್ಕಿನ ಜಾರ್ಜ್ ಬಲಬುಷ್ಕಾ ಅವರ ಕ್ಯೂಗಳಿಂದ ಕೀರ್ತಿ ಪಡೆದ ವಿನ್ಯಾಸ ಇದು. ಅದಕ್ಕೆ ಎದುರಾಗಿ 3/8 ಅಂಗುಲದ, ಅಂಗುಲಕ್ಕೆ 10 ಸುತ್ತಿನ ದಪ್ಪ ತಿರುಪಿನಿಂದ ಎರಡು ಸಮತಟ್ಟಾದ ಮುಖಗಳನ್ನು ಒತ್ತಿ ಕೂರಿಸುವ ಕ್ರಮವಿದೆ. ಸ್ಟೀಲ್ ಜಾಯಿಂಟ್ ಹೊಡೆತವನ್ನು ಬದಲಿಸುತ್ತದೆ ಎಂಬ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ. ಟಿಪ್ ಚೆಂಡನ್ನು ಮುಟ್ಟಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಅಡ್ಡ ಕಂಪನ ತಲುಪುವುದು ಟಿಪ್‌ನಿಂದ ಒಂದು ಗೇಣಿನ ಆಸುಪಾಸಿಗೆ ಮಾತ್ರ. ಜಾಯಿಂಟ್ ಇರುವುದು 73 ಸೆಂ.ಮೀ. ಆಚೆ. ಪಕ್ಕಕ್ಕೆ ಹೊಡೆದಾಗ ಚೆಂಡು ಗುರಿ ತಪ್ಪಿ ಸರಿಯುವ ಪ್ರಮಾಣವನ್ನು ಶಾಫ್ಟ್‌ನ ತುದಿಯ ತೂಕ ನಿರ್ಧರಿಸುತ್ತದೆ, ಜಾಯಿಂಟ್ ಅಲ್ಲ. ಉದ್ದುದ್ದ ಸಾಗುವ ಅಲೆ ಜಾಯಿಂಟ್ ದಾಟುವುದು ನಿಜ, ಅದರಿಂದ ಸದ್ದು ಬೇರೆಯಾಗುತ್ತದೆ, ಕೈಗೆ ಹತ್ತುವ ನಡುಕವೂ ಬೇರೆ. ಆದರೆ ಆ ನಡುಕ ಕೈಗೆ ತಿಳಿಯುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ.

ಮುಂಬೈಯಲ್ಲಿ ಜಾಯಿಂಟ್‌ನ ನಿಜವಾದ ಪರೀಕ್ಷೆ ಮರ ಲೋಹವನ್ನು ಮುಟ್ಟುವ ಅಂಚಿನಲ್ಲಿ. ಜಾಯಿಂಟ್ ಬಳಿ 21 ಮಿ.ಮೀ. ದಪ್ಪವಿರುವ ಮೇಪಲ್‌ನ ತೇವಾಂಶ 8 ಅಂಶ ಏರಿದರೆ ಅದು ಒಂದು ದಿಕ್ಕಿನಲ್ಲಿ ಅರ್ಧ ಮಿ.ಮೀ. ಉಬ್ಬುತ್ತದೆ, ಸ್ಟೀಲ್ ಪಟ್ಟಿ ಇದ್ದ ಹಾಗೆಯೇ ಇರುತ್ತದೆ. ವಾರ್ನಿಷ್ ಈ ಏರಿಕೆಯನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ. ನಾರಿನ ಬಾಯಿಗಳು ತೆರೆದಿರುವ ಕೊಯ್ದ ಮುಖ ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುತ್ತದೆ, ಆ ಮುಖವನ್ನು ಎಪಾಕ್ಸಿಯಿಂದ ಮುಚ್ಚದೆ ಬಿಟ್ಟ ಕ್ಯೂ ಎಷ್ಟೇ ದುಬಾರಿಯಾದರೂ ಅರೆಬರೆ ಕೆಲಸವೇ. ಜುಲೈಯಲ್ಲಿ ಇಲ್ಲಿ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಹತ್ತಿರ ಇರುತ್ತದೆ. 22 ಡಿಗ್ರಿಗೆ ತಣಿದ ಲೋಹದ ಪಟ್ಟಿಯನ್ನು ಪಾರ್ಲರ್‌ನಿಂದ ಬೀದಿಗೆ ತಂದರೆ ಅದರ ಮೇಲೆ ನೀರು ಕೂಡುತ್ತದೆ, ಕೂಡಿದ ನೀರು ಸಂದಿಗೆ ಇಳಿಯುತ್ತದೆ. ಜಾಯಿಂಟ್ ಹಿತ್ತಾಳೆಯದಾದರೆ ಅದಕ್ಕೆ ಹಸಿರು ಕಿಲುಬು ಹಿಡಿಯಲು ಇಲ್ಲಿನ ಕಡಲ ಉಪ್ಪುಗಾಳಿ ಸಾಕು. ಈ ಊರಿಗೆ ಒಗ್ಗುವುದು ಎರಡೂ ಕಡೆ ಫಿನಾಲಿಕ್ ಪ್ಲಾಸ್ಟಿಕ್ ಪಟ್ಟಿ, ಸಮತಟ್ಟು ಮುಖ, ಗಾಜಿನೆಳೆ ಮತ್ತು ಎಪಾಕ್ಸಿಯಿಂದ ಮಾಡಿದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ತಿರುಪು. ಜೊತೆಗೆ ಬಿಚ್ಚಿದ ಕೂಡಲೇ ತಿರುಗಿಸಿ ಹಾಕುವ ಮುಚ್ಚಳ.

ಶಾಫ್ಟ್‌ನ ತುದಿಯಲ್ಲಿ, ಟಿಪ್‌ನ ಕೆಳಗೆ ಕೂರುವ ಫೆರೂಲ್ ಹಗುರವಾಗಿರಬೇಕು, ಅಷ್ಟೇ. ಒಂದು ಕಾಲದಲ್ಲಿ ದಂತವೇ ಶ್ರೇಷ್ಠ ಎನ್ನಲಾಗುತ್ತಿತ್ತು. ಆನೆಗಳನ್ನು ಉಳಿಸಲು ಬಂದ ನಿಷೇಧ ಅದನ್ನು ತೆಗೆದುಹಾಕಿದ್ದು ನ್ಯಾಯವೇ. ಒಣ-ತೇವಗಳ ನಡುವೆ ಸೀಳುವ ದಂತ ವಸ್ತುವಾಗಿಯೂ ಇಲ್ಲಿಗೆ ಹೊಂದುತ್ತಿರಲಿಲ್ಲ. ಚರ್ಮದ ಟಿಪ್ ತೇವದಲ್ಲಿ ಮೆದುವಾಗಿ ಅಂಚು ಹರಡುವುದರಿಂದ ಮಳೆಗಾಲದಲ್ಲಿ ಪದರ ಅಂಟಿಸಿದ ಗಡಸು ಟಿಪ್ ವಾಸಿ.

ಪ್ರಿಡೇಟರ್ ಕಂಪನಿಯ ರೆವೊ 2016ರಲ್ಲಿ ಬಂದ ಮೇಲೆ ಕಾರ್ಬನ್ ಫೈಬರ್ ಶಾಫ್ಟ್ ಸಾಮಾನ್ಯವಾಗಿದೆ. ಅದರ ಜಾಹೀರಾತುಗಳು ಗುರಿಯ ನಿಖರತೆಯನ್ನು ಮುಂದೆ ಮಾಡುತ್ತವೆ. ಮುಂಬೈಯ ಮಟ್ಟಿಗೆ ಅದಕ್ಕಿಂತ ದೊಡ್ಡ ಗುಣ ಬೇರೊಂದಿದೆ: ಅದು ಉಬ್ಬುವುದಿಲ್ಲ, ಬಾಗುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಬಹುದು. ಲೋಕಲ್ ರೈಲಿನಲ್ಲಿ ದಿನವೂ ಕ್ಯೂ ಒಯ್ಯುವವರಿಗೆ ಅದರ ದುಬಾರಿ ಬೆಲೆ ಸಮರ್ಥನೀಯ. ಆದರೆ ಬಟ್ ಮರದ್ದೇ ಆಗಿ ಉಳಿದರೆ ಜಾಯಿಂಟ್‌ನ ಒಂದು ಮುಖದ ಸಮಸ್ಯೆ ಹಾಗೆಯೇ ಇರುತ್ತದೆ.

ಪಾರ್ಲರ್‌ನ ಸಾರ್ವಜನಿಕ ಕ್ಯೂಗಳಿಗೆ ಜಾಯಿಂಟ್ ಬೇಡವೇ ಬೇಡ. ಒಂದೇ ತುಂಡಿನ, ಗಾಜಿನೆಳೆಯ ಹೊದಿಕೆಯಿರುವ ಮೇಪಲ್ ಕೋಲು ಅಲ್ಲಿ ಬಹುಕಾಲ ಬಾಳುತ್ತದೆ. ರಾತ್ರಿ ಏಸಿ ನಿಲ್ಲಿಸಿ ಬಾಗಿಲು ಹಾಕಿದ ಮೇಲೆ ಕೋಣೆಯ ಆರ್ದ್ರತೆ ಏರುತ್ತದೆ. ಆ ಹೊತ್ತಿನಲ್ಲಿ ಗೋಡೆಗೆ ಓರೆಯಾಗಿ ಒರಗಿಸಿಟ್ಟ ಕೋಲು ತನ್ನದೇ ತೂಕಕ್ಕೆ ಬಾಗಬಹುದು, ತುದಿ ಹಿಡಿದು ನೆಟ್ಟಗೆ ನಿಲ್ಲಿಸುವ ಗೋಡೆಯ ಸ್ಟ್ಯಾಂಡ್‌ನಲ್ಲಿಟ್ಟದ್ದಕ್ಕೆ ಆ ಅಪಾಯ ಕಡಿಮೆ.