ಹ್ಯಾರಿಸ್ ಅಂಕಪಟ್ಟಿ: ಒಂದು ವಿಮರ್ಶೆ

ಸೊಂಟದ ಕೀಲಿನ ಸವೆತದಿಂದ ನರಳುವವರ ಬಾಳು ಚಿಕಿತ್ಸೆಯಿಂದ ಎಷ್ಟರಮಟ್ಟಿಗೆ ಸುಧಾರಿಸಿತೆಂಬುದನ್ನು ಅಳೆಯಲು ವೈದ್ಯಲೋಕವು ಹಲವು ಅಳತೆಗೋಲುಗಳನ್ನು ನಿರ್ಮಿಸಿಕೊಂಡಿದೆ. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ವಿಲಿಯಂ ಹ್ಯಾರಿಸ್ ಅವರು 1969ರಲ್ಲಿ ಪ್ರಕಟಿಸಿದ ಅಂಕಪಟ್ಟಿ. ಅದರ ವೈದ್ಯಕೀಯ ಯೋಗ್ಯತೆಯ ನಿರ್ಣಯ ನಮ್ಮ ಅಧಿಕಾರಕ್ಕೆ ಹೊರಗಿನ ಮಾತು. ಚರಿತ್ರೆಯ ಅಭ್ಯಾಸಿಗಳು ಒಂದು ಶಾಸನವನ್ನೋ ಕಂದಾಯದ ಲೆಕ್ಕವನ್ನೋ ಪರಿಶೀಲಿಸುವಂತೆ, ಬರೆದವರು ಯಾರು, ದಾಖಲಿಸಿದುದೇನು, ಬಿಟ್ಟುದೇನು ಎಂದು ಕೇಳುತ್ತ ಇದನ್ನು ಓದುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ.

ಪಟ್ಟಿಯ ಒಟ್ಟು ಅಂಕಗಳು 100. ನೋವಿಗೆ 44, ಕಾರ್ಯಸಾಮರ್ಥ್ಯಕ್ಕೆ 47, ಕೀಲಿನ ಚಲನೆಯ ವ್ಯಾಪ್ತಿಗೆ 5, ಅಂಗವಿಕಾರ ಇಲ್ಲದಿರುವುದಕ್ಕೆ 4. ಕಾರ್ಯಸಾಮರ್ಥ್ಯದ ಅಂಕಗಳಲ್ಲಿ 33 ನಡಿಗೆಗೆ ಮೀಸಲು: ಕುಂಟು, ಊರುಗೋಲಿನ ಅವಲಂಬನೆ, ನಡೆಯಬಲ್ಲ ದೂರ, ಇವಕ್ಕೆ ತಲಾ 11. ಉಳಿದ 14ರಲ್ಲಿ ಮೆಟ್ಟಿಲು ಹತ್ತುವುದಕ್ಕೆ 4, ಬೂಟು ಕಾಲುಚೀಲ ತೊಡುವುದಕ್ಕೆ 4, ಕುರ್ಚಿಯಲ್ಲಿ ಕೂರುವುದಕ್ಕೆ 5, ಸಾರ್ವಜನಿಕ ವಾಹನದ ಬಳಕೆಗೆ 1.

ಈ ಹಂಚಿಕೆಯ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳಬೇಕು. ನೂರರಲ್ಲಿ 91 ಅಂಕಗಳನ್ನು ನೋವಿಗೂ ದಿನಚರಿಗೂ ಕೊಟ್ಟು, ಗಮನವನ್ನು ಕೀಲಿನಿಂದ ಮನುಷ್ಯನ ಕಡೆಗೆ ತಿರುಗಿಸಿದುದು ಸಾಮಾನ್ಯ ಸಂಗತಿಯಲ್ಲ. ಮೂಲದಲ್ಲಿ ಈ ಪಟ್ಟಿ ಹುಟ್ಟಿದುದು ಪೆಟ್ಟಿನಿಂದ ಕೆಟ್ಟ ಕೀಲುಗಳ ಚಿಕಿತ್ಸೆಯನ್ನು ಕುರಿತ ಲೇಖನವೊಂದರಲ್ಲಿ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅವರು 1962ರಿಂದ ಪಾಲಿಎಥಿಲೀನ್ ಬಟ್ಟಲನ್ನು ಬಳಸಿ ಬೆಳೆಸಿದ ಕೀಲು ಬದಲಿ ಶಸ್ತ್ರಚಿಕಿತ್ಸೆ ಲೋಕದಲ್ಲೆಲ್ಲ ಹಬ್ಬಿದಂತೆ, ಅದರ ಫಲಿತಾಂಶವನ್ನು ಅಳೆಯಲೂ ಇದೇ ಪಟ್ಟಿ ಬಳಕೆಗೆ ಬಂದಿತು.

ಆದರೆ ಇಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮೊದಲನೆಯದು ಸಾಕ್ಷಿಯನ್ನು ಕುರಿತದ್ದು. ನೋವು ರೋಗಿಯದು, ಅಂಕ ಹಾಕುವವರು ವೈದ್ಯರು. ಈ ಕೊರತೆಯನ್ನು ಮುಂದಿನವರು ಬಹುಮಟ್ಟಿಗೆ ನಿವಾರಿಸಿದರು. 1988ರ ವೊಮ್ಯಾಕ್ ಪ್ರಶ್ನಾವಳಿಯ 24 ಪ್ರಶ್ನೆಗಳಿಗೂ 1996ರ ಆಕ್ಸ್‌ಫರ್ಡ್ ಪ್ರಶ್ನಾವಳಿಯ 12 ಪ್ರಶ್ನೆಗಳಿಗೂ ಉತ್ತರಿಸುವವನು ರೋಗಿಯೇ.

ಎರಡನೆಯ ಕೊರತೆ ಮಾತ್ರ ಉಳಿದೇ ಇದೆ. ಕಾಲುಚೀಲ, ಕಾರು, ಸ್ನಾನದ ತೊಟ್ಟಿ, ಊಟದ ಮೇಜಿನಿಂದ ಮೇಲೇಳುವುದು, ಈ ಪ್ರಶ್ನಾವಳಿಗಳು ಕಂಡ ಬಾಳು ಇದು. ನಮ್ಮ ನಾಡಿನಲ್ಲಿ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವವರ, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರ, ನೆಲಮಟ್ಟದ ಶೌಚಾಲಯವನ್ನೇ ಬಳಸುವವರ ಸೊಂಟಕ್ಕೆ ಬೀಳುವ ಕೆಲಸವೇ ಬೇರೆ. ಕೀಲು ಬದಲಿಸಿದ ಮೇಲೆ ಅದು ಜಾರೀತೆಂಬ ಭಯದಿಂದ ಈ ಭಂಗಿಗಳನ್ನೇ ಬಿಡುವಂತೆ ಸಾಮಾನ್ಯವಾಗಿ ಹೇಳಲಾಗುತ್ತದೆ. ನೋವು ಹೋಗಿ, ಕುಂಟಿಲ್ಲದೆ ನಡೆದು, ಕುರ್ಚಿಯಲ್ಲಿ ಸುಖವಾಗಿ ಕುಳಿತವನು ಹ್ಯಾರಿಸ್ ಪಟ್ಟಿಯಲ್ಲಿ ನೂರರ ಸಮೀಪಕ್ಕೆ ಬರುತ್ತಾನೆ. ಅವನು ಪಂಕ್ತಿಯನ್ನೂ ಹೊಲದ ಕೆಲಸವನ್ನೂ ಕಳೆದುಕೊಂಡುದು ಆ ಪಟ್ಟಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ.

ದೇಶದೇಶಗಳ ಫಲಿತಾಂಶವನ್ನು ಹೋಲಿಸಲು ಏಕರೂಪದ ಅಳತೆ ಬೇಡವೇ ಎಂದು ಇಲ್ಲಿ ಕೇಳಬಹುದು. ಬೇಕು, ಅದನ್ನು ಕೈಬಿಡಬೇಕೆಂಬುದು ನಮ್ಮ ವಾದವಲ್ಲ. ಆದರೆ ಹೋಲಿಕೆಗೆ ಒದಗುವ ಅಂಕವೇ ಪುನಶ್ಚೇತನದ ಗುರಿಯಾಗಲಾರದು. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೀಲುಸವೆತದವರೆಲ್ಲರಿಗೂ ಅವರವರ ಅಗತ್ಯಕ್ಕೆ ಹೊಂದುವ ವ್ಯಾಯಾಮವನ್ನು ವಿಧಿಸುತ್ತದೆ. ಆ ಅಗತ್ಯವನ್ನು ಅರಿಯುವ ಬಗೆ ಒಂದೇ: ಯಾವ ಕೆಲಸ ನಿಂತುಹೋಯಿತು, ಯಾವುದು ಮರಳಿ ಬೇಕು ಎಂದು ರೋಗಿಯನ್ನೇ ಮೊದಲು ಕೇಳುವುದು. ಮರಳಿ ಬಾರದ ಕೆಲಸವಿದ್ದಲ್ಲಿ ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ತಿಳಿಸಿ, ಎತ್ತರದ ಆಸನವನ್ನೋ ಕಮೋಡನ್ನೋ ಮನೆಯಲ್ಲಿ ಅಣಿಗೊಳಿಸಲು ಅವಕಾಶ ಕೊಡಬೇಕು. ಸಾಮಾನ್ಯ ಪಟ್ಟಿಯ ಜೊತೆಗೆ ನೆಲದ ಬಾಳನ್ನು ಕುರಿತ ನಾಲ್ಕಾರು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿ ಬರೆದಿಡುವುದು ನಮ್ಮ ಆಸ್ಪತ್ರೆಗಳಿಗೆ ಹೊರೆಯಾಗಲಾರದು. ಈ ಕಾಲದ ಜನ ಹೇಗೆ ಬಾಳಿದರೆಂದು ಮುಂದೆ ಹುಡುಕುವ ಚರಿತ್ರಕಾರನಿಗೂ ಅದರಿಂದ ಉಪಕಾರವಾದೀತು.