ಬಾವುಟಗುಡ್ಡೆಯ ಬಣ್ಣ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಜೆಸ್ವಿಟ್ ಪಾದ್ರಿಗಳು ಶುರುಮಾಡಿದ್ದು 1880ರಲ್ಲಿ. ಅಗಲ ಜಗಲಿ, ಎತ್ತರದ ಕಮಾನು: ಕರಾವಳಿಯ ಸೆಕೆ ಅರಿತು ಕಟ್ಟಿದ ಕಟ್ಟಡ. ಬಂದವರೆಲ್ಲ ನೇರ ಅಲ್ಲಿನ ಚಾಪೆಲ್‌ಗೆ ನುಗ್ಗುತ್ತಾರೆ, ತಪ್ಪೇನಿಲ್ಲ ಬಿಡಿ.

ಚಾಪೆಲ್‌ನ ಗೋಡೆ, ಮಾಡಿನ ಒಳಮೈಗೆಲ್ಲ ಬಣ್ಣ ತುಂಬಿದವರು ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ. 1899ರಿಂದ ಸುಮಾರು ಎರಡು ವರ್ಷದ ದುಡಿಮೆ. ಕೆಲವು ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ, ಉಳಿದವು ಭಿತ್ತಿಚಿತ್ರ. ನನಗೆ ಬೆರಗು ಭಿತ್ತಿಚಿತ್ರದ್ದೇ. ಸುಣ್ಣದ ಗಾರೆ ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಬಳಿಯಬೇಕು. ಸುಣ್ಣ ಗಾಳಿ ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೇ ಸೇರಿಬಿಡುತ್ತದೆ. ಅಂದಂದು ಮುಗಿಸುವಷ್ಟಕ್ಕೇ ಗಾರೆ. ಒಣಗಿತೋ, ಕೆತ್ತಿ ತೆಗೆದು ಮತ್ತೆ ಮೊದಲಿಂದ.

ಒಮ್ಮೆ ಕತ್ತೆತ್ತಿ ನೋಡಿ: ಸಂತ ಅಲೋಶಿಯಸ್‌ನ ಬದುಕಿನ ಪ್ರಸಂಗಗಳು, ರೇಷ್ಮೆ ಅಂಗಿಯ ಮಡಿಕೆಗಳು, ನೆರಳಲ್ಲೂ ಕೆಂಪಾಗಿಯೇ ಉಳಿದ ಕೆಂಪು. ಮಳೆಗಾಲದ ತೇವಕ್ಕೆ ಇಷ್ಟು ವರ್ಷ ಒಡ್ಡಿಕೊಂಡ ಇವನ್ನು 1990ರ ದಶಕದಲ್ಲಿ ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಜೋಪಾನವಾಗಿ ದುರಸ್ತಿ ಮಾಡಿದರು. ಪರೀಕ್ಷೆಯ ದಿನ ಇಲ್ಲಿ ಬಂದು ಮೊಣಕಾಲೂರುವ ಹುಡುಗರ ಕಣ್ಣು ಮಾತ್ರ ಮೇಲಕ್ಕೆ ಹೋಗುವುದು ಅನುಮಾನ.